ಕಮಾತಾದ ಗಲ್ಲಿಗಳಲ್ಲಿ ಒಳ್ಳೆಯ ರಾಮೆನ್ ಹುಡುಕುವುದು ಹೇಗೆ?

ಟೋಕಿಯೊದ ಹಾನೆದಾ ವಿಮಾನ ನಿಲ್ದಾಣದಲ್ಲಿ ಇಳಿದು ಕೇಕ್ಯು ಕಂಪನಿಯ ರೈಲು ಹತ್ತಿದರೆ ಸುಮಾರು ಹತ್ತು ನಿಮಿಷಕ್ಕೆ ಕೇಕ್ಯು ಕಮಾತಾ ಸ್ಟೇಷನ್ ಬರುತ್ತದೆ. ಸೂಟ್‌ಕೇಸ್ ಹಿಡಿದವರು ಅಲ್ಲಿ ಇಳಿಯುವುದು ಅಪರೂಪ. ಎಲ್ಲರಿಗೂ ಶಿನಾಗಾವಾ, ಅಸಾಕುಸಾ, ಶಿಂಜುಕು ಸೇರುವ ಆತುರ. ರಾಮೆನ್, ಅಂದರೆ ಬಿಸಿ ಸಾರಿನ ನೂಡಲ್ಸ್, ತಿನ್ನಲೇಬೇಕು ಅಂತ ಆಸೆಪಟ್ಟು ಬಂದವರು ಶಿಂಜುಕುವಿನಲ್ಲೋ ಶಿಬುಯಾದಲ್ಲೋ ಒಂದು ಗಂಟೆ ಕ್ಯೂನಲ್ಲಿ ನಿಲ್ಲುತ್ತಾರೆ. ನನ್ನ ಮಾತು ಕೇಳಿ, ಒಂದು ದಿನವನ್ನು ಕಮಾತಾಗೆ ಇಡಿ.

ಕಮಾತಾ ಇರುವುದು ಟೋಕಿಯೊದ ದಕ್ಷಿಣ ತುದಿಯ ಓತಾ ವಾರ್ಡಿನಲ್ಲಿ. ಇದು ಸಣ್ಣ ಸಣ್ಣ ವರ್ಕ್‌ಶಾಪ್‌ಗಳ ಊರು. ಇಂಥ ವರ್ಕ್‌ಶಾಪನ್ನು ಜಪಾನಿನವರು ಮಾಚಿಕೋಬಾ ಅನ್ನುತ್ತಾರೆ. ಕೆಳಗೆ ಲೇತ್, ಮೇಲೆ ಮನೆ. ಮೂರೋ ನಾಲ್ಕೋ ಜನ ಕೆಲಸಗಾರರು. 1983ರಲ್ಲಿ ಓತಾದಲ್ಲಿ ಇಂಥ ಕಾರ್ಖಾನೆಗಳು ಸುಮಾರು 9,000 ಇದ್ದವು. ಈಗ ಅದರ ಅರ್ಧವೂ ಇಲ್ಲ. ಆದರೂ ಬೆಳಿಗ್ಗೆ ಹಿಂದಿನ ಬೀದಿಗಳಲ್ಲಿ ನಡೆದರೆ ಅರೆತೆರೆದ ಶಟರ್ ಒಳಗಿನಿಂದ ಕಬ್ಬಿಣ ಕೊರೆಯುವ ಸದ್ದು ಕೇಳುತ್ತದೆ. ಕಟಿಂಗ್ ಆಯಿಲ್ ವಾಸನೆ ಮೂಗಿಗೆ ಬಡಿಯುತ್ತದೆ. ನಮ್ಮಪ್ಪ ಪೀಣ್ಯದಲ್ಲಿ ಲೇತ್ ನಡೆಸುತ್ತಿದ್ದರು. ಆ ವಾಸನೆ ಅವರ ಅಂಗಿಯಿಂದ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಕಮಾತಾಗೆ ಮೊದಲ ಸಲ ಬಂದಾಗ ಅದೇ ವಾಸನೆ ಹಿಡಿದು ನಡೆದೆ. ಅದರ ಪಕ್ಕದಲ್ಲೇ ಒಂದು ರಾಮೆನ್ ಅಂಗಡಿ ಸಿಕ್ಕಿತು. ಆಮೇಲೆ ಗೊತ್ತಾಯಿತು, ಅದು ಅದೃಷ್ಟ ಅಲ್ಲ, ಇಲ್ಲಿ ಹುಡುಕುವ ಸರಿಯಾದ ದಾರಿಯೇ ಅದು.

ಮೊದಲು ತಿಳಿಯಬೇಕಾದ್ದು: ಬಟ್ಟಲು ಯಾರಿಗಾಗಿ ಹುಟ್ಟಿತು

ರಾಮೆನ್ ಚೀನಾದಿಂದ ಬಂದ ನೂಡಲ್ಸ್. ಬಂದರು ಊರುಗಳಿಂದ ಒಳಗೆ ಹರಡಿತು. 1910ರಲ್ಲಿ ಅಸಾಕುಸಾದಲ್ಲಿ ಶುರುವಾದ ರೈರೈಕೆನ್ ಎಂಬ ಹೋಟೆಲು ಅದನ್ನು ಟೋಕಿಯೊ ಜನರಿಗೆ ರೂಢಿ ಮಾಡಿಸಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ಒಂದೊಂದು ಕಡೆಯ ರಾಮೆನ್ ಯಾಕೆ ಒಂದೊಂದು ಥರ ಇದೆ ಅಂತ ಕೇಳಿದರೆ ಉತ್ತರ ಬಹಳ ಸಲ ಕೆಲಸದ ಜಾಗದಲ್ಲಿ ಸಿಗುತ್ತದೆ.

ನಿಗಾತಾ ಪ್ರಾಂತ್ಯದ ತ್ಸುಬಾಮೆ ಊರನ್ನೇ ನೋಡಿ. ಚಮಚ, ಫೋರ್ಕ್ ಮಾಡುವ ಲೋಹದ ಕಾರ್ಖಾನೆಗಳ ಊರು ಅದು. ಕೆಲಸಗಾರರು ರಾತ್ರಿ ಓವರ್‌ಟೈಮ್ ಮಾಡುವಾಗ ರಾಮೆನ್ ತರಿಸಿಕೊಳ್ಳುತ್ತಿದ್ದರು. ಸೈಕಲ್ ಮೇಲೆ ಬರುವಷ್ಟರಲ್ಲಿ ಸಾರು ಆರಬಾರದು. ಅದಕ್ಕೇ ಮೇಲೆ ಹಂದಿಯ ಬೆನ್ನಿನ ಕೊಬ್ಬನ್ನು ದಪ್ಪ ಪದರವಾಗಿ ಹಾಕಿದರು. ನೂಡಲ್ಸ್ ನೆನೆದು ಮುದ್ದೆಯಾಗಬಾರದು. ಅದಕ್ಕೇ ಎಳೆ ದಪ್ಪ ಮಾಡಿದರು. ಬೆವರು ಸುರಿಸಿದ ಮೈಗೆ ಉಪ್ಪು ಬೇಕು. ಅದಕ್ಕೇ ಸಾರು ಖಾರವಲ್ಲ, ಉಪ್ಪುಪ್ಪು. ಅಪ್ಪ ಮಧ್ಯಾಹ್ನದ ಊಟದಲ್ಲಿ ಉಪ್ಪಿನಕಾಯಿ ಎರಡು ಸಲ ಹಾಕಿಸಿಕೊಳ್ಳುತ್ತಿದ್ದದ್ದು ಯಾಕೆ ಅಂತ ನನಗೆ ಅರ್ಥವಾದದ್ದು ಈ ಬಟ್ಟಲಿನ ಮುಂದೆ ಕೂತಾಗ.

ಫುಕುಓಕಾದ ನಾಗಾಹಾಮಾ ಮೀನು ಮಾರುಕಟ್ಟೆಯಲ್ಲಿ ಕತೆ ಉಲ್ಟಾ. ಅಲ್ಲಿಯವರಿಗೆ ಕಾಯಲು ಪುರುಸೊತ್ತಿಲ್ಲ. ಹಾಗಾಗಿ ಕೂದಲಿನಷ್ಟು ತೆಳು ಎಳೆ, ಕ್ಷಣದಲ್ಲಿ ಬೇಯುತ್ತದೆ. ಸಾಲದಿದ್ದರೆ ಉಳಿದ ಸಾರಿಗೆ ಇನ್ನೊಂದು ಹಿಡಿ ನೂಡಲ್ಸ್ ಹಾಕಿಸಿಕೊಳ್ಳುತ್ತಾರೆ. ಅದಕ್ಕೆ ಕಾಯೆದಾಮಾ ಅಂತ ಹೆಸರು. ಯೊಕೊಹಾಮಾದಲ್ಲಿ 1974ರಲ್ಲಿ ಶುರುವಾದ ಯೋಶಿಮುರಾಯಾ ಅಂಗಡಿ ಲಾರಿ ಓಡಾಡುವ ದೊಡ್ಡ ರಸ್ತೆಯ ಪಕ್ಕ ಇತ್ತು. ಅದನ್ನು ತೆರೆದ ಯೋಶಿಮುರಾ ಮಿನೋರು ಮೊದಲು ಲಾರಿ ಡ್ರೈವರ್ ಆಗಿದ್ದವರು. ಹಂದಿ ಮೂಳೆಯ ಗಟ್ಟಿ ಸಾರು, ಸೋಯಾ ಸಾಸ್, ಕೋಳಿ ಎಣ್ಣೆ, ಪಾಲಕ್, ನೋರಿ ಎಂಬ ಒಣಗಿಸಿದ ಸಮುದ್ರ ಪಾಚಿಯ ಮೂರು ಹಾಳೆ, ಜೊತೆಗೆ ಅನ್ನ. ಇದಕ್ಕೆ ಇಯೆಕೇ ರಾಮೆನ್ ಅನ್ನುತ್ತಾರೆ. ಟೋಕಿಯೊ ಮತ್ತು ಯೊಕೊಹಾಮಾ ನಡುವಿನ ಕಾರ್ಖಾನೆ ಪಟ್ಟಿಯಲ್ಲೇ ಕಮಾತಾ ಇದೆ. ಹಾಗಾಗಿ ಇಯೆಕೇ ಅಂಗಡಿಗಳು ಇಲ್ಲಿ ಸಹಜವಾಗಿ ಬೇರು ಬಿಟ್ಟಿವೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಇಂಥ ಊರಿನಲ್ಲಿ ರಾಮೆನ್ ಹುಡುಕುವಾಗ "ಯಾವುದು ಫೇಮಸ್?" ಅನ್ನುವ ಪ್ರಶ್ನೆ ಜಾಸ್ತಿ ದೂರ ಕರೆದುಕೊಂಡು ಹೋಗುವುದಿಲ್ಲ. "ಇಲ್ಲಿ ದುಡಿಯುವವರು ಎಷ್ಟು ಹೊತ್ತಿಗೆ ಹಸಿಯುತ್ತಾರೆ, ಎಲ್ಲಿಗೆ ಹೋಗುತ್ತಾರೆ?" ಅಂತ ಕೇಳಿಕೊಳ್ಳಿ.

ದಿನ ಮತ್ತು ಹೊತ್ತು ಗೊತ್ತು ಮಾಡಿಕೊಳ್ಳಿ

ವಾರದ ನಡುವಿನ ದಿನ ಹೋಗಿ. ಭಾನುವಾರ ಬೇಡ. ಕಾರ್ಖಾನೆ ಕೆಲಸಗಾರರನ್ನೇ ನಂಬಿದ ಅಂಗಡಿಗಳು ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಮುಚ್ಚಿರುತ್ತವೆ. ಒಂದು ಅಂಗಡಿಯ ರಜೆ ಯಾವತ್ತು ಅಂತ ಮ್ಯಾಪ್‌ನಲ್ಲಿ ನೋಡಿದರೆ ಅದು ಯಾರಿಗಾಗಿ ಇದೆ ಅಂತ ಅರ್ಧ ಗೊತ್ತಾಗುತ್ತದೆ. ಪ್ರವಾಸಿಗರನ್ನು ನಂಬಿದವರು ಭಾನುವಾರ ಬಾಗಿಲು ಹಾಕುವುದಿಲ್ಲ, ಅಲ್ವಾ?

ಬೆಳಿಗ್ಗೆ 10 ಗಂಟೆಗೇ ಸ್ಟೇಷನ್ನಿನಲ್ಲಿ ಇಳಿಯಿರಿ. ಒಂದು ಗಂಟೆ ಸುಮ್ನೆ ನಡೆಯಿರಿ. ಅಂಗಡಿ ತೆರೆಯುವ ಮೊದಲೇ ಅದರ ಗುಣ ಹೊರಗೆ ಕಾಣುತ್ತದೆ, ಅದನ್ನು ಮುಂದೆ ಹೇಳುತ್ತೇನೆ. ಹೆಚ್ಚಿನ ಅಂಗಡಿಗಳು 11 ಅಥವಾ 11:30ಕ್ಕೆ ತೆರೆಯುತ್ತವೆ. 12ರಿಂದ 1ರ ತನಕ ಕೆಲಸಗಾರರ ಊಟದ ಹೊತ್ತು. ಆ ಒಂದು ಗಂಟೆಯಲ್ಲಿ ತಿಂದು ವಾಪಸು ಹೋಗಬೇಕಾದವರು ಅವರು. ನಾವು ನೋಡಲು ಬಂದವರು. ಅವರ ಸೀಟು ಹಿಡಿಯದೆ 11ಕ್ಕೆ ಮೊದಲ ಗುಂಪಿನಲ್ಲಿ ಒಳಗೆ ಹೋಗಿ, ಇಲ್ಲದಿದ್ದರೆ 1:15ರ ನಂತರ ಹೋಗಿ. ತೀರಾ ತಡ ಮಾಡಬೇಡಿ. ಸಾರು ಮುಗಿದರೆ ಅಂಗಡಿ ಮುಚ್ಚಿತು, ಗಡಿಯಾರದ ಲೆಕ್ಕ ಇಲ್ಲ. ಮಧ್ಯಾಹ್ನ 3ರಿಂದ ಸಂಜೆ 5 ಅಥವಾ 6ರ ತನಕ ಬಹಳಷ್ಟು ಕಡೆ ಬಿಡುವು.

ದೊಡ್ಡ ಸೂಟ್‌ಕೇಸ್ ಇದ್ದರೆ ಸ್ಟೇಷನ್ನಿನ ಲಾಕರ್‌ನಲ್ಲಿ ಇಡಿ. ಎಂಟು, ಹತ್ತು ಸೀಟಿನ ಅಂಗಡಿಯಲ್ಲಿ ಬೆನ್ನ ಹಿಂದೆ ಒಬ್ಬರು ನಡೆಯುವಷ್ಟೂ ಜಾಗ ಇರುವುದಿಲ್ಲ.

ಒಂದು ಎಚ್ಚರಿಕೆ. ವಿಮಾನ ನಿಲ್ದಾಣದಿಂದ ಬರುವ ರೈಲುಗಳಲ್ಲಿ ಏರ್‌ಪೋರ್ಟ್ ಕೈತೊಕು ಅನ್ನುವುದು ಕೇಕ್ಯು ಕಮಾತಾದಲ್ಲಿ ನಿಲ್ಲುವುದಿಲ್ಲ. ಅದನ್ನು ಬಿಟ್ಟು ಬೇರೆಯದನ್ನು ಹತ್ತಿ. ಇನ್ನೊಂದು ವಿಷಯ, ಕಮಾತಾ ಹೆಸರಿನ ಸ್ಟೇಷನ್ ಎರಡಿವೆ. ಕೇಕ್ಯು ಕಮಾತಾ ಒಂದು, ಜೆಆರ್ (ಜಪಾನ್ ರೈಲ್ವೇಸ್) ಕಮಾತಾ ಇನ್ನೊಂದು. ನಡುವೆ ಹತ್ತು, ಹನ್ನೆರಡು ನಿಮಿಷದ ನಡಿಗೆ. ಜೆಆರ್ ಸ್ಟೇಷನ್ನಿನಿಂದ ತೋಕ್ಯು ಕಂಪನಿಯ ಇಕೆಗಾಮಿ ಲೈನ್ ಮತ್ತು ತಾಮಾಗಾವಾ ಲೈನ್ ಕೂಡ ಹೊರಡುತ್ತವೆ. ಮೂರೇ ಡಬ್ಬಿಯ ಪುಟ್ಟ ರೈಲುಗಳು. ಹುಡುಕಾಟಕ್ಕೆ ಅವು ಬಹಳ ಒಳ್ಳೆಯವು.

ಫೋನಿನಲ್ಲಿ ಹುಡುಕುವಾಗ

ಇಂಗ್ಲಿಷಿನಲ್ಲಿ ರಾಮೆನ್ ಅಂತ ಹುಡುಕಿದರೆ ಇಂಗ್ಲಿಷಿನಲ್ಲಿ ಹೆಸರು ಹಾಕಿಕೊಂಡವರು ಮೊದಲು ಬರುತ್ತಾರೆ. ಅನುವಾದದ ಆ್ಯಪ್‌ನಲ್ಲಿ ಎರಡು ಪದ ಜಪಾನಿ ಲಿಪಿಗೆ ತಿರುಗಿಸಿ ಇಟ್ಟುಕೊಳ್ಳಿ. ಒಂದು ರಾಮೆನ್, ಇನ್ನೊಂದು ಚೂಕಾ ಸೋಬಾ. ಎರಡನೆಯದು ಹಳೆಯ ಹೆಸರು, ಚೀನಾದ ನೂಡಲ್ಸ್ ಅಂತ ಅರ್ಥ. ತಿಳಿ ಸಾರಿನ, ಸೋಯಾ ಸಾಸಿನ ಹಳೆಯ ಬಗೆ ಬೇಕಾದರೆ ಈ ಪದ ಹಾಕಿ ನೋಡಿ. ಇವೆರಡಕ್ಕಿಂತ ಹಳೆಯ ಹೆಸರು ಶಿನಾ ಸೋಬಾ. ಶಿನಾ ಅನ್ನುವುದನ್ನು ಈಗ ಚೀನಾದವರಿಗೆ ನೋವು ಕೊಡುವ ಪದ ಅಂತ ಬಳಸುವುದಿಲ್ಲ, ಹಳೆಯ ಅಂಗಡಿಗಳ ಬೋರ್ಡಿನಲ್ಲಿ ಮಾತ್ರ ಉಳಿದಿದೆ.

ತಾಬೆಲೋಗು ಎಂಬ ಜಪಾನಿ ತಾಣದ ಅಂಕಗಳನ್ನು ನಮ್ಮ ಆ್ಯಪ್‌ಗಳ ಹಾಗೆ ಓದಬೇಡಿ. ಅಲ್ಲಿ 5ಕ್ಕೆ 3.5 ಸಿಕ್ಕರೆ ದೊಡ್ಡ ಮಾತು. 3.2 ಸಿಕ್ಕ ಗಲ್ಲಿ ಅಂಗಡಿಯಲ್ಲಿ ನಾನು ತಿಂದ ಬಟ್ಟಲುಗಳು ಈಗಲೂ ನಾಲಿಗೆಯ ಮೇಲಿವೆ. ಅಂಕಕ್ಕಿಂತ ಫೋಟೊ ನೋಡಿ. ಅದರಲ್ಲೂ ಟಿಕೆಟ್ ಮಷಿನ್ನಿನ ಫೋಟೊ ಯಾರಾದರೂ ಹಾಕಿರುತ್ತಾರೆ. ಅದನ್ನು ಫೋನಿನಲ್ಲಿ ಉಳಿಸಿಕೊಂಡು ರೈಲಿನಲ್ಲೇ ಅನುವಾದ ಮಾಡಿಕೊಂಡರೆ ಅಂಗಡಿಯಲ್ಲಿ ಹಿಂದೆ ಇರುವವರನ್ನು ಕಾಯಿಸಬೇಕಾಗಿಲ್ಲ. ವಿಮರ್ಶೆಗಳಲ್ಲಿ ಹೊಸದನ್ನು ಮೊದಲು ಓದಿ. ಇಲ್ಲಿನ ಹಳೆಯ ಅಂಗಡಿಗಳನ್ನು ನಡೆಸುವವರಲ್ಲಿ ವಯಸ್ಸಾದ ಗಂಡ ಹೆಂಡತಿ ಜಾಸ್ತಿ. ಮೊಣಕಾಲು ನೋವು ಬಂದರೆ, ಮುಂದೆ ನಡೆಸುವವರಿಲ್ಲದಿದ್ದರೆ, ಒಂದು ದಿನ ಶಟರ್ ಮೇಲೆ ಕೈಬರಹದ ಚೀಟಿ ಅಂಟಿಸಿ ಮುಚ್ಚಿಬಿಡುತ್ತಾರೆ.

ಫೋನಿನ ಕೆಲಸ ಅಷ್ಟೇ. ಇನ್ನು ಜೇಬಿಗೆ ಹಾಕಿ.

ಬೀದಿಯನ್ನು ಓದುವುದು

ಇದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ಬೆಳಿಗ್ಗೆ 10:30ಕ್ಕೆ ಮುಚ್ಚಿದ ಬಾಗಿಲಿನ ಮುಂದೆ ನಿಂತು ಏನೇನು ನೋಡಬೇಕು ಅಂತ ಹೇಳುತ್ತೇನೆ.

ಮೊದಲು ಮೂಗು. ಹಂದಿ ಮೂಳೆ ಕುದಿಸುವ ಅಂಗಡಿಯ ವಾಸನೆ ಅರ್ಧ ಬೀದಿಗೆ ಹರಡಿರುತ್ತದೆ. ಅಭ್ಯಾಸ ಇಲ್ಲದವರಿಗೆ ಅದು ಘಾಟು ಅನ್ನಿಸಬಹುದು. ಒಣಮೀನು ಕುದಿಸುವ ಅಂಗಡಿಯ ವಾಸನೆ ಬೇರೆ. ಮಂಗಳೂರು ಕಡೆಯವರಿಗೆ ತಕ್ಷಣ ಗೊತ್ತಾಗುತ್ತದೆ. ಜಪಾನಿನವರು ಅದನ್ನು ನಿಬೋಶಿ ಅನ್ನುತ್ತಾರೆ, ಸಣ್ಣ ಬೂತಾಯಿಯಂಥ ಮೀನನ್ನು ಬೇಯಿಸಿ ಒಣಗಿಸಿದ್ದು. ಯಾವ ವಾಸನೆಯೂ ಇಲ್ಲದೆ 11 ಗಂಟೆಗೆ ಬಾಗಿಲು ತೆರೆದರೆ ಸಾರು ಬೇರೆ ಎಲ್ಲಿಂದಲೋ ಬಂದಿರಬಹುದು. ಹಾಗೆ ಬಂದದ್ದೆಲ್ಲ ಕೆಟ್ಟದ್ದು ಅಂತ ಅಲ್ಲ, ಆದರೆ ನಾವು ಅದಕ್ಕಾಗಿ ಇಷ್ಟು ದೂರ ಬಂದಿಲ್ಲ.

ಆಮೇಲೆ ಬಾಗಿಲ ಪಕ್ಕ ನೋಡಿ. ಚಪ್ಪಟೆ ಪ್ಲಾಸ್ಟಿಕ್ ಅಥವಾ ಮರದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟಿರುತ್ತಾರೆ. ಇವು ನೂಡಲ್ಸ್ ಬರುವ ಪೆಟ್ಟಿಗೆಗಳು, ಮೇಲೆ ನೂಡಲ್ಸ್ ಮಾಡಿದವರ ಹೆಸರಿರುತ್ತದೆ. ಮಿಕಾವಾಯಾ ಸೇಮೆನ್, ಅಸಾಕುಸಾ ಕೈಕಾರೊ ಇವೆಲ್ಲ ಟೋಕಿಯೊದಲ್ಲಿ ಹೆಸರಾದ ನೂಡಲ್ಸ್ ಮನೆಗಳು. ಪೆಟ್ಟಿಗೆ ಕಾಣದೆ ಗೋಧಿ ಹಿಟ್ಟಿನ ಮೂಟೆಗಳು ಕಂಡರೆ ಅವರೇ ನೂಡಲ್ಸ್ ಒತ್ತುತ್ತಾರೆ ಅಂತ ಅರ್ಥ. ಮೂಳೆ ತುಂಬಿದ ಡಬ್ಬ, ಸೋಯಾ ಸಾಸಿನ ತಗಡಿನ ಡಬ್ಬಿ, ಹಸಿ ಈರುಳ್ಳಿ ಸೊಪ್ಪಿನ ಕಟ್ಟು, ಎಲ್ಲವೂ ಒಂದೊಂದು ಮಾತು ಹೇಳುತ್ತವೆ.

ಬೈಕ್ ನೋಡಿ. ಹಿಂದಿನ ಸೀಟಿನ ಜಾಗದಲ್ಲಿ ಸ್ಪ್ರಿಂಗ್ ಮತ್ತು ಕೊಕ್ಕೆ ಇರುವ ಒಂದು ಕಬ್ಬಿಣದ ಚೌಕಟ್ಟು ಇದೆಯಾ? ಅದರ ಹೆಸರು ದೆಮಾಯೆಕಿ. ಬೈಕ್ ಎಷ್ಟು ಕುಲುಕಿದರೂ ತೂಗುವ ಪೆಟ್ಟಿಗೆಯೊಳಗಿನ ಸಾರು ಚೆಲ್ಲದಂತೆ ಹಿಡಿಯುವ ಉಪಾಯ. ಅಂಥ ಬೈಕ್ ನಿಂತಿದ್ದರೆ ಈ ಅಂಗಡಿ ಸುತ್ತಲಿನ ವರ್ಕ್‌ಶಾಪ್‌ಗಳಿಗೆ ಊಟ ಹೊತ್ತು ಹಾಕುತ್ತಾ ಬಂದಿದೆ ಅಂತ ತಿಳಿಯಿರಿ. ಈಗ ಇವು ತೀರಾ ಕಡಿಮೆಯಾಗಿವೆ. ಕಂಡರೆ ಬಿಡಬೇಡಿ.

ಇಂಥ ಅಂಗಡಿಗಳು ಬರೀ ರಾಮೆನ್ ಮಾಡುವುದಿಲ್ಲ. ಬಿಸಿಲಿಗೆ ಮಾಸಿದ ಕೆಂಪು ಅಥವಾ ಹಳದಿ ಮೇಲ್ಹೊದಿಕೆ, ಗಾಜಿನ ಪೆಟ್ಟಿಗೆಯಲ್ಲಿ ಮೇಣದಂತೆ ಕಾಣುವ ಪ್ಲಾಸ್ಟಿಕ್ ತಿನಿಸುಗಳು, ಒಳಗೆ ಎತ್ತರದಲ್ಲಿ ಒಂದು ಟಿವಿ, ಮೂಲೆಯಲ್ಲಿ ಅಂದಿನ ಪೇಪರು. ಇದಕ್ಕೆ ಮಾಚಿ ಚೂಕಾ ಅನ್ನುತ್ತಾರೆ, ಅಂದರೆ ಬೀದಿಯ ಚೀನೀ ಹೋಟೆಲು. ಇಲ್ಲಿ ರಾಮೆನ್ ಜೊತೆ ಅರ್ಧ ಪ್ಲೇಟ್ ಫ್ರೈಡ್ ರೈಸ್ ತೆಗೆದುಕೊಳ್ಳಿ, ಹಾನ್ ಚಾಹಾನ್ ಅಂದರೆ ಸಾಕು. ಸಾರು ಸರಳ, ಬೆಲೆ ಕಡಿಮೆ. ದೊಡ್ಡ ಹೆಸರಿನ ಅಂಗಡಿಯ ಗಟ್ಟಿ ಸಾರನ್ನು ದಿನಾ ತಿನ್ನಲಾಗದು. ಇದನ್ನು ದಿನಾ ತಿನ್ನಬಹುದು. ನನ್ನ ಮಟ್ಟಿಗೆ ಕೆಲಸಗಾರರ ಊರಿನ ನಿಜವಾದ ರಾಮೆನ್ ಇದೇ.

ಹನ್ನೆರಡು ಹೊಡೆದಾಗ ಕ್ಯೂ ನೋಡಿ. ಉದ್ದ ಮುಖ್ಯವಲ್ಲ, ಯಾರು ನಿಂತಿದ್ದಾರೆ ಅನ್ನುವುದು ಮುಖ್ಯ. ಬೂದು ಅಥವಾ ನೀಲಿ ಕೆಲಸದ ಅಂಗಿ, ಸೇಫ್ಟಿ ಶೂ, ಪಕ್ಕದ ರಸ್ತೆಯಲ್ಲಿ ನಿಲ್ಲಿಸಿದ ಟ್ಯಾಕ್ಸಿ. ಇವರಿಗೆ ಸಮಯ ಕಡಿಮೆ, ದುಡ್ಡು ಲೆಕ್ಕದ್ದು. ಆದರೂ ಇಲ್ಲಿಗೇ ಬರುತ್ತಾರೆ ಅಂದರೆ ಬೇರೆ ಪ್ರಮಾಣಪತ್ರ ಬೇಕಾಗಿಲ್ಲ.

ಯಾರನ್ನಾದರೂ ಕೇಳುವುದಾದರೆ ಒಂದು ಮಾತು. ಒಳ್ಳೆಯ ಅಂಗಡಿ ಯಾವುದು ಅಂತ ಕೇಳಿದರೆ ಜನ ವಿದೇಶಿಗನಿಗೆ ಹೊಂದುವ ದೊಡ್ಡ ಹೆಸರು ಹೇಳುತ್ತಾರೆ. ಅದರ ಬದಲು "ಇತ್ಸುಮೊ ದೊಕೊ ದೆ ತಾಬೆಮಾಸು ಕಾ" ಅನ್ನಿ. ನೀವು ದಿನಾ ಎಲ್ಲಿ ತಿನ್ನುತ್ತೀರಿ ಅಂತ ಅರ್ಥ. ಉತ್ತರ ಪೂರ್ತಿ ಬೇರೆ ಬರುತ್ತದೆ. ಸಾರ್ವಜನಿಕ ಸ್ನಾನದ ಮನೆಯ ಗಲ್ಲಾದಲ್ಲಿ ಕೂತ ಅಜ್ಜಿಯೊಬ್ಬರನ್ನು ನಾನು ಹೀಗೆ ಕೇಳಿದ್ದೆ. ಅವರು ಚಪ್ಪಲಿ ಹಾಕಿಕೊಂಡು ಹೊರಗೆ ಬಂದು, ಮೂಲೆಯ ತನಕ ನಡೆದು, ಕೈ ತೋರಿಸಿ ಹೋದರು.

ಎಲ್ಲಿಂದ ಶುರು ಮಾಡುವುದು

ಜೆಆರ್ ಕಮಾತಾದ ಪಶ್ಚಿಮ ಬಾಗಿಲಿನಿಂದ ಹೊರಗೆ ಬಂದರೆ ಸನ್‌ರೈಸ್ ಮತ್ತು ಸನ್‌ರೋಡ್ ಎಂಬ ಎರಡು ಮಾಡು ಹೊದಿಸಿದ ಅಂಗಡಿ ಬೀದಿಗಳಿವೆ. ಮಳೆಯ ದಿನವೂ ನಡೆಯಬಹುದು. ಅಲ್ಲಿಂದ ಪಕ್ಕದ ಗಲ್ಲಿಗಳಿಗೆ ಇಳಿಯಿರಿ. ನಿಶಿ ಕಮಾತಾದಲ್ಲಿ ಮಿಯಾಮೊತೊ ಎಂಬ ಅಂಗಡಿ ಇದೆ. ಒಣಮೀನಿನ ದಟ್ಟ ಸಾರಿನಲ್ಲಿ ನೂಡಲ್ಸ್ ಅದ್ದಿ ತಿನ್ನುವ ತ್ಸುಕೆಮೆನ್ ಅಲ್ಲಿನ ವಿಶೇಷ. ಕ್ಯೂ ಇದ್ದೇ ಇರುತ್ತದೆ. ಹಿಸುಯಿ ಎಂಬ ಇಯೆಕೇ ಅಂಗಡಿಗೆ ದೂರದಿಂದಲೂ ಜನ ಬರುತ್ತಾರೆ. ತ್ಸುಬಾಮೆಯ ಕಾರ್ಖಾನೆ ರಾಮೆನ್ ಹೇಳಿದೆನಲ್ಲ, ಅದನ್ನು ಕಮಾತಾದಲ್ಲೇ ಸವಿಯಬೇಕಾದರೆ ಜುನ್ ಎಂಬ ಅಂಗಡಿಯನ್ನು ಹುಡುಕಿ. ನಿಗಾತಾದಿಂದ ಬಂದವರು. ಮೇಲೆ ಹಸಿ ಈರುಳ್ಳಿ, ಕೊಬ್ಬಿನ ಹಿಮ, ಬೇಕಾದರೆ ರಾಶಿ ನೋರಿ. ಒಂದು ಲೋಹ ಕೆಲಸದ ಊರಿನ ಊಟ ಇನ್ನೊಂದು ಲೋಹ ಕೆಲಸದ ಊರಿಗೆ ಬಂದು ಕೂತಿದೆ. ಹೋಗುವ ಮೊದಲು ಆಯಾ ಅಂಗಡಿಯ ರಜೆ ಮತ್ತು ಹೊತ್ತನ್ನು ಒಮ್ಮೆ ನೋಡಿಕೊಳ್ಳಿ.

ನನಗೆ ಪ್ರೀತಿಯ ಅಂಗಡಿ ಮಾತ್ರ ಬೇರೆ. ಇಕೆಗಾಮಿ ಲೈನಿನಲ್ಲಿ ಒಂದೇ ಸ್ಟೇಷನ್ ಮುಂದೆ ಹೋದರೆ ಹಸುನುಮಾ. ಅಲ್ಲಿನ ಅಂಗಡಿಯ ಹೆಸರು ಶಿನಾ ಸೋಬಾ ಇಂಡಿಯನ್. ಹೌದು, ಇಂಡಿಯನ್! ಉಪ್ಪು ಹಾಕಿದ ತಿಳಿ ಸಾರಿನ ನೂಡಲ್ಸ್ ಮತ್ತು ಪಕ್ಕದಲ್ಲಿ ಕಪ್ಪು ಬಣ್ಣದ ಕರಿ ಅನ್ನ. ನಮ್ಮ ಸಾಂಬಾರು, ಕೂರ್ಮಾ ಯಾವುದನ್ನೂ ಹೋಲದ ಕರಿ ಅದು, ಬಹಳ ಹೊತ್ತು ಹುರಿದು ಬೇಯಿಸಿದ ಕಹಿ ಸಿಹಿ ರುಚಿ. ಒಂದು ಚಮಚ ಕರಿ, ಒಂದು ಗುಟುಕು ತಿಳಿ ಸಾರು. ಆ ಹೆಸರಿನ ಬೋರ್ಡಿನ ಕೆಳಗೆ ಕೂತು ಅದನ್ನು ತಿಂದ ದಿನ ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ಜನಪ್ರಿಯ ಅಂಗಡಿಗಳು ಒಂದೆರಡು ಸಾಕು. ಆಮೇಲೆ ಕೇಕ್ಯು ಲೈನಿನಲ್ಲಿ ಜೋಶಿಕಿಗೆ ಹೋಗಿ. ಸ್ಟೇಷನ್ ಹತ್ತಿರದಿಂದ ಸುಯಿಮೊನ್ ದೋರಿ ಎಂಬ ಅಂಗಡಿ ಬೀದಿ ಉದ್ದಕ್ಕೆ ಹೋಗುತ್ತದೆ. ತರಕಾರಿ, ಮೀನು, ಬಟ್ಟೆ, ನಡುನಡುವೆ ರಾಮೆನ್. ವರ್ಕ್‌ಶಾಪ್‌ಗಳು ಅಕ್ಕಪಕ್ಕದಲ್ಲೇ. ಒಬ್ಬರು ಕೊರೆದ ಭಾಗವನ್ನು ಹೊಳಪು ಕೊಡಲು ಪಕ್ಕದ ಬೀದಿಯವರಿಗೆ, ಅಲ್ಲಿಂದ ಲೇಪನಕ್ಕೆ ಇನ್ನೊಬ್ಬರಿಗೆ ಕಳಿಸುವ ರೂಢಿ ಓತಾದಲ್ಲಿದೆ. ಅದಕ್ಕೆ ನಾಕಾಮಾ ಮಾವಾಶಿ ಅನ್ನುತ್ತಾರೆ, ಗೆಳೆಯರ ನಡುವೆ ಸುತ್ತಿಸುವುದು ಅಂತ. ಊಟದ ಹೊತ್ತಿಗೆ ಅದೇ ಗೆಳೆಯರು ಒಂದೇ ಕೌಂಟರಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತಿರುತ್ತಾರೆ.

ಬಟ್ಟಲಿನ ಮೇಲಿನ ನೋರಿ ಹಾಳೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಪಕ್ಕದ ಓಮೊರಿ ಕರಾವಳಿ ಒಂದು ಕಾಲಕ್ಕೆ ನೋರಿ ಬೆಳೆಗೆ ಜಪಾನಿಗೇ ಹೆಸರಾಗಿತ್ತು. ಬಂದರು ವಿಸ್ತರಣೆಗಾಗಿ ಮೀನುಗಾರರು ತಮ್ಮ ಹಕ್ಕು ಬಿಟ್ಟುಕೊಟ್ಟರು. 1963ರ ವಸಂತದಲ್ಲಿ ಕೊನೆಯ ಬೆಳೆ ತೆಗೆದರು. ಸಮುದ್ರ ಹೋಯಿತು, ನೋರಿ ವ್ಯಾಪಾರಿಗಳು ಮಾತ್ರ ಓಮೊರಿಯಲ್ಲಿ ಇನ್ನೂ ಇದ್ದಾರೆ. 2008ರಲ್ಲಿ ತೆರೆದ ನೋರಿ ಮ್ಯೂಸಿಯಂ ಕೂಡ ಅಲ್ಲಿದೆ.

ಬಾಗಿಲು ದಾಟಿದ ಮೇಲೆ

ಬಾಗಿಲಿಗೆ ನೋರೆನ್ ಎಂಬ ಬಟ್ಟೆಯ ಪರದೆ ತೂಗುತ್ತಿದ್ದರೆ ತೆರೆದಿದೆ. ಒಳಗೆ ದೀಪ ಇದ್ದು ಪರದೆ ಇಲ್ಲದಿದ್ದರೆ ಇನ್ನೂ ತಯಾರಿ ನಡೆದಿದೆ, ಕಾಯಿರಿ.

ಹೆಚ್ಚಿನ ಕಡೆ ಬಾಗಿಲ ಬಳಿ ಟಿಕೆಟ್ ಮಷಿನ್ ಇರುತ್ತದೆ. ಮೊದಲು ದುಡ್ಡು ಹಾಕಿ, ಆಮೇಲೆ ಗುಂಡಿಗಳ ದೀಪ ಹತ್ತುತ್ತದೆ. ಏನೂ ಓದಲು ಬಾರದಿದ್ದರೆ ಎಡಗಡೆ ಮೇಲಿನ ಮೂಲೆಯ ಗುಂಡಿ ಒತ್ತಿ. ಅಂಗಡಿಯವರು ತಮಗೆ ಹೆಮ್ಮೆಯ ಬಟ್ಟಲನ್ನು ಸಾಮಾನ್ಯವಾಗಿ ಅಲ್ಲೇ ಇಡುತ್ತಾರೆ. ಚಿಲ್ಲರೆ ತಾನಾಗಿ ಬರದಿದ್ದರೆ ಪಕ್ಕದ ಸಣ್ಣ ಹಿಡಿ ತಿರುಗಿಸಿ. ಒಂದು ಬಟ್ಟಲಿಗೆ ಸುಮಾರು 700ರಿಂದ 1,100 ಯೆನ್ ಇಟ್ಟುಕೊಳ್ಳಿ. ಕಾರ್ಡು ನಂಬಬೇಡಿ, ನಗದು ಬೇಕು. ಅದರಲ್ಲೂ 1,000 ಯೆನ್ ನೋಟುಗಳು.

ಇಲ್ಲಿ ಒಂದು ತೊಡಕು ಇದೆ. 2024ರ ಜುಲೈನಲ್ಲಿ ಜಪಾನ್ ಹೊಸ ನೋಟುಗಳನ್ನು ತಂದಿತು. ಹಳೆಯ ಮಷಿನ್‌ಗಳು ಅವನ್ನು ನುಂಗುವುದಿಲ್ಲ. ಮಷಿನ್ ಬದಲಿಸುವುದು ಸಣ್ಣ ಅಂಗಡಿಗೆ ದೊಡ್ಡ ಖರ್ಚು. ಒಂದು ಮಧ್ಯಾಹ್ನ ನನ್ನ ಹೊಸ ನೋಟನ್ನು ಮಷಿನ್ ಮೂರು ಸಲ ಹೊರಗೆ ತಳ್ಳಿತು. ಹಿಂದೆ ನಿಂತಿದ್ದ ಕೆಲಸದ ಅಂಗಿಯವರು ಏನೂ ಮಾತಾಡದೆ ತಮ್ಮ ಹಳೆಯ ನೋಟು ಕೊಟ್ಟು ನನ್ನದನ್ನು ತೆಗೆದುಕೊಂಡರು. ಅವತ್ತಿನಿಂದ 100 ಯೆನ್ನಿನ ಹತ್ತು ನಾಣ್ಯ ಬೇರೆಯಾಗಿ ಇಟ್ಟುಕೊಳ್ಳುತ್ತೇನೆ. ನೀವೂ ಇಟ್ಟುಕೊಳ್ಳಿ.

ಕೆಲವು ಕಡೆ ಮೊದಲು ಟಿಕೆಟ್ ತೆಗೆದು ಆಮೇಲೆ ಕ್ಯೂ, ಕೆಲವು ಕಡೆ ಉಲ್ಟಾ. ಮುಂದಿರುವವರು ಮಾಡಿದಂತೆ ಮಾಡಿ. ಗೆಳೆಯರಿಗಾಗಿ ಕ್ಯೂನಲ್ಲಿ ಜಾಗ ಹಿಡಿಯುವುದು ಬೇಡ.

ಇಯೆಕೇ ಅಂಗಡಿಯಲ್ಲಿ ಟಿಕೆಟ್ ಕೊಡುವಾಗ ಮೂರು ವಿಷಯ ಕೇಳುತ್ತಾರೆ. ನೂಡಲ್ಸ್ ಎಷ್ಟು ಗಟ್ಟಿ, ರುಚಿ ಎಷ್ಟು ಗಾಢ, ಎಣ್ಣೆ ಎಷ್ಟು. ಮೊದಲ ಸಲ "ಜೆಂಬು ಫುತ್ಸು ದೆ" ಅನ್ನಿ, ಎಲ್ಲ ಸಾಮಾನ್ಯವಾಗಿರಲಿ ಅಂತ. ಎರಡನೆಯ ಸಲ ನಿಮ್ಮ ಇಷ್ಟ. ಗಟ್ಟಿ ನೂಡಲ್ಸಿಗೆ ಕಾತಾಮೆ, ಕಡಿಮೆ ಗಾಢಕ್ಕೆ ಉಸುಮೆ.

ಬಟ್ಟಲು ಬಂದಾಗ ಮೊದಲು ಸಾರು ಕುಡಿಯಿರಿ, ಏನೂ ಸೇರಿಸದೆ. ನಮ್ಮ ಕೈ ತಾನಾಗಿ ಖಾರದ ಡಬ್ಬಿಗೆ ಹೋಗುತ್ತದೆ, ಗೊತ್ತು. ಅರ್ಧ ತಿಂದ ಮೇಲೆ ಬೆಳ್ಳುಳ್ಳಿ, ಮೆಣಸಿನ ಪುಡಿ, ವಿನೆಗರ್ ಏನು ಬೇಕಾದರೂ ಹಾಕಿಕೊಳ್ಳಿ. ಸೊರ್ ಅಂತ ಸದ್ದು ಮಾಡಿ ಎಳೆದುಕೊಳ್ಳುವುದು ಇಲ್ಲಿ ತಪ್ಪಲ್ಲ. ಫೋಟೊ ಒಂದು ಸಾಕು. ನೂಡಲ್ಸ್ ಕಾಯುವುದಿಲ್ಲ, ಹಿಂದಿನವರು ಕಾಯುತ್ತಿರುತ್ತಾರೆ. ಮುಗಿದ ಮೇಲೆ ಬಟ್ಟಲನ್ನು ಎದುರಿನ ಎತ್ತರದ ಕಟ್ಟೆಯ ಮೇಲೆ ಇಟ್ಟು, ಬಟ್ಟೆ ಇದ್ದರೆ ಮುಂದಿನ ಜಾಗ ಒರೆಸಿ, "ಗೊಚಿಸೋಸಾಮಾ" ಅಂತ ಹೇಳಿ ಹೊರಡಿ.

ಸಸ್ಯಾಹಾರಿಗಳಿಗೆ, ಹಂದಿ ತಿನ್ನದವರಿಗೆ

ನೇರವಾಗಿ ಹೇಳುತ್ತೇನೆ. ಕಮಾತಾದ ಗಲ್ಲಿ ಅಂಗಡಿಗಳಲ್ಲಿ ಶುದ್ಧ ಸಸ್ಯಾಹಾರದ ರಾಮೆನ್ ಸಿಗುತ್ತದೆ ಅಂತ ನಂಬಿ ಹೋಗಬೇಡಿ. ತರಕಾರಿ ರಾಮೆನ್ ಅಂತ ಬರೆದಿದ್ದರೂ ಸಾರು ಹಂದಿ, ಕೋಳಿ ಅಥವಾ ಮೀನಿನದೇ. ಮಾಂಸ ಬೇಡ ಅಂದರೆ ಮೇಲಿನ ತುಂಡುಗಳನ್ನು ತೆಗೆಯುತ್ತಾರೆ, ಸಾರು ಅದೇ ಇರುತ್ತದೆ. ಹಂದಿ ಮಾತ್ರ ತಿನ್ನದವರು ಕೋಳಿ ಸಾರಿನ ಅಂಗಡಿ ಹುಡುಕಬಹುದು. ಆದರೂ ಮೇಲೆ ಇಡುವ ಚಾಶು ಎಂಬ ಮಾಂಸದ ತುಂಡು ಹೆಚ್ಚಾಗಿ ಹಂದಿಯದೇ, ಕೇಳಿ ತಿನ್ನಿ. ಹಂದಿಗೆ ಬುತಾ, ಕೋಳಿಗೆ ತೋರಿ, ದನಕ್ಕೆ ಗ್ಯೂ ಅನ್ನುತ್ತಾರೆ.

ಟೋಕಿಯೊದಲ್ಲಿ ಭಾರತೀಯರು ಹೆಚ್ಚಾಗಿ ನೆಲೆಸಿರುವ ನಿಶಿ ಕಾಸಾಯ್ ಕಡೆ ಇರುವ ನಮ್ಮ ಗೆಳೆಯರಲ್ಲಿ ಸಸ್ಯಾಹಾರಿಗಳು ಬಹಳ. ಅವರನ್ನು ನಾನು ಟೋಕಿಯೊ ಸ್ಟೇಷನ್ನಿನ ಒಳಗಿರುವ ಟೀಸ್ ತಾನ್‌ತಾನ್‌ಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಎಲ್ಲವೂ ಸಸ್ಯಜನ್ಯ. ಎಳ್ಳಿನ ಸಾರಿನ ಖಾರದ ನೂಡಲ್ಸ್ ನಮ್ಮ ನಾಲಿಗೆಗೆ ಚೆನ್ನಾಗಿ ಒಗ್ಗುತ್ತದೆ. ಅದು ಟಿಕೆಟ್ ಗೇಟಿನ ಒಳಗಡೆ ಇದೆ, ನೆನಪಿರಲಿ. ಕಮಾತಾದ ಸುತ್ತಾಟವನ್ನೇ ಬಿಡಬೇಕಾಗಿಲ್ಲ. ಹಸುನುಮಾದ ಮುಂದಿನ ಸ್ಟೇಷನ್ ಇಕೆಗಾಮಿ. ಹೊನ್ಮೊನ್‌ಜಿ ದೇವಾಲಯದ ದಾರಿಯಲ್ಲಿ ಕುಜುಮೊಚಿ ಮಾರುತ್ತಾರೆ. ಹುಳಿ ಬರಿಸಿದ ಗೋಧಿ ಪಿಷ್ಟವನ್ನು ಹಬೆಯಲ್ಲಿ ಬೇಯಿಸಿ, ಮೇಲೆ ಹುರಿದ ಸೋಯಾ ಹಿಟ್ಟು ಮತ್ತು ಕಪ್ಪು ಬೆಲ್ಲದ ಪಾಕ ಹಾಕಿ ಕೊಡುತ್ತಾರೆ. ನಮ್ಮ ಅಜ್ಜಿಯರಿಗೆ ಕೊಟ್ಟಿದ್ದರೆ ಇನ್ನೊಂದು ಕೇಳುತ್ತಿದ್ದರು.

ಸಂಜೆ

ಎರಡನೆಯ ಬಟ್ಟಲಿಗೆ ಹೊಟ್ಟೆ ಸಿದ್ಧವಾಗಬೇಕಾದರೆ ಸೆಂತೋಗೆ ಹೋಗಿ, ಅಂದರೆ ಬೀದಿಯ ಸ್ನಾನದ ಮನೆ. ಓತಾದ ನೆಲದಡಿಯ ನೀರು ಕಾಫಿ ಡಿಕಾಕ್ಷನ್ ಹಾಗೆ ಕಪ್ಪು. ಎಷ್ಟೋ ಕಾಲದಿಂದ ಹೂತು ಕೊಳೆತ ಗಿಡಮರಗಳ ಅಂಶ ಅದರಲ್ಲಿದೆ. ಕುರೋಯು ಅನ್ನುತ್ತಾರೆ, ಕಪ್ಪು ಬಿಸಿನೀರು ಅಂತ. 2024ರ ಆಗಸ್ಟ್‌ನಲ್ಲಿ ಟೋಕಿಯೊದಲ್ಲಿ ದೊಡ್ಡವರ ಸ್ನಾನದ ದರ 550 ಯೆನ್ ಆಯಿತು. ಸಂಜೆ ಐದರ ನಂತರ ಕೆಲಸ ಮುಗಿಸಿದವರು ಬರುತ್ತಾರೆ. ಮೈ ತೊಳೆದುಕೊಂಡೇ ತೊಟ್ಟಿಗೆ ಇಳಿಯಬೇಕು.

ಹೊರಗೆ ಬಂದಾಗ ಮತ್ತೆ ಹಸಿವು. ಕಮಾತಾದ ಇನ್ನೊಂದು ಹೆಮ್ಮೆ ರೆಕ್ಕೆ ಗ್ಯೋಜಾ. ಕಡುಬಿನಂಥ ಗ್ಯೋಜಾಗಳನ್ನು ಕಾವಲಿಯ ಮೇಲೆ ಹಿಟ್ಟಿನ ನೀರು ಹಾಕಿ ಬೇಯಿಸಿದಾಗ ಸುತ್ತ ಗರಿಗರಿ ಹಾಳೆ ಮೂಡುತ್ತದೆ, ಅದೇ ರೆಕ್ಕೆ. 1983ರಲ್ಲಿ ನೀಹಾವೊ ಎಂಬ ಹೋಟೆಲು ತೆರೆದ ಯಾಗಿ ಇಸಾವೊ ಅವರು ಇದನ್ನು ಶುರು ಮಾಡಿದರು. ಅವರು ಚೀನಾದಲ್ಲಿ ಹುಟ್ಟಿ ಬೆಳೆದು ದೊಡ್ಡವರಾದ ಮೇಲೆ ಜಪಾನಿಗೆ ಬಂದವರು. ಒಂದು ಪ್ಲೇಟ್ ಗ್ಯೋಜಾ, ಆಮೇಲೆ ಬೆಳಿಗ್ಗೆ ಗುರುತು ಹಾಕಿಕೊಂಡ ಯಾವುದಾದರೂ ಮಾಚಿ ಚೂಕಾದಲ್ಲಿ ಒಂದು ಸಾದಾ ರಾಮೆನ್. ಇಬ್ಬರಿದ್ದರೆ ಹಂಚಿಕೊಳ್ಳುವ ಬದಲು ತಲಾ ಒಂದು ತೆಗೆದುಕೊಳ್ಳಿ, ಸಣ್ಣ ಅಂಗಡಿಯಲ್ಲಿ ಸೀಟಿಗೊಂದು ಬಟ್ಟಲು ಅನ್ನುವುದು ರೂಢಿ.

ಅದೇ ರಾತ್ರಿ ವಿಮಾನ ಹಿಡಿಯುವುದಿದ್ದರೆ ಕೇಕ್ಯು ಕಮಾತಾ ಸ್ಟೇಷನ್ನಿಗೆ ಇಪ್ಪತ್ತು ನಿಮಿಷ ಮೊದಲೇ ಬನ್ನಿ. ಅಲ್ಲಿ ಪ್ಲಾಟ್‌ಫಾರಂ ಎರಡು ಅಂತಸ್ತಿನಲ್ಲಿವೆ. ಹಾನೆದಾಗೆ ಎರಡೂ ಕಡೆಯಿಂದ ರೈಲು ಹೊರಡುತ್ತವೆ. ಮುಂದಿನದು ಯಾವ ಅಂತಸ್ತಿನಿಂದ ಅಂತ ಗೇಟಿನ ಬಳಿಯ ಬೋರ್ಡಿನಲ್ಲಿ ನೋಡಿಕೊಂಡೇ ಮೇಲೆ ಹತ್ತಿ.